ಮಾಧ್ಯಮಿಕ ತರಗತಿಗಳ ಮಕ್ಕಳ ವಿದ್ಯಾಪ್ರಗತಿಯೂ ನಮ್ಮ ಹೊಣೆಗಾರಿಕೆಯೂ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ತಂದೆತಾಯಂದಿರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷಗಳು ತುಂಬಿದ ಈ ಶುಭ ಸಂದರ್ಭದಲ್ಲಿ, ಪೂಜೆ, ಮೆರವಣಿಗೆ, ಪ್ರೀತಿಭೋಜನಗಳ ನಡುವೆ ಒಂದು ಮಧ್ಯಾಹ್ನವನ್ನು ಮಕ್ಕಳ ವಿದ್ಯಾಭ್ಯಾಸದ ವಿಚಾರಕ್ಕೆ ಮೀಸಲಿಡಬೇಕೆಂದು ಶತಮಾನೋತ್ಸವ ಸಮಿತಿಯವರು ನಿರ್ಧರಿಸಿದುದು ಅತ್ಯಂತ ಉಚಿತವಾದುದು. ಸಮಿತಿಯವರು ನನಗೆ ಕೊಟ್ಟ ವಿಷಯ "ಬುದ್ಧಿವಂತ ಮಕ್ಕಳನ್ನು ಬೆಳೆಸುವುದು ಹೇಗೆ?" ಎಂಬುದು. ಅವರ ಅನುಮತಿ ಪಡೆದು ಆ ವಿಷಯವನ್ನು ನಾನು ತುಸು ಬದಲಿಸಿಕೊಂಡಿದ್ದೇನೆ. ಆರು, ಏಳು, ಎಂಟನೆಯ ತರಗತಿಗಳಲ್ಲಿ ಕೆಲವು ಮಕ್ಕಳು ಮುಂದೆ ಸಾಗುವುದೂ ಕೆಲವು ಮಕ್ಕಳು ಹಿಂದೆ ಬೀಳುವುದೂ ಯಾವ ಕಾರಣಗಳಿಂದ ಎಂಬುದೇ ಈ ಹೊತ್ತಿನ ವಿಚಾರ.

ವಿಷಯವನ್ನು ಬದಲಿಸಿದ್ದಕ್ಕೆ ಕಾರಣವಿದೆ. ವರ್ಷಕ್ಕೊಮ್ಮೆ ಮನೆಗಳನ್ನು ಆಶೀರ್ವದಿಸಲು ಬಂದಾಗ ನಾನು ಮಕ್ಕಳ ಓದಿನ ಬಗ್ಗೆ ವಿಚಾರಿಸುವುದುಂಟು. ಆಗ ಹತ್ತು ಮನೆಗಳಲ್ಲಿ ಆರು ಮನೆಗಳಿಂದ ಬರುವ ಉತ್ತರ ಒಂದೇ: "ಇವನ ತಲಿಗೆ ಇದ್ಯಾ ಹತ್ತಂಗಿಲ್ರಿ ಫಾದರ್." ಹುಡುಗನು ಅಲ್ಲಿಯೇ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಈ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತಾನೆ. ಹಿರಿಯರ ಬಾಯಿಂದ ನಾಲ್ಕು ವರ್ಷ ಈ ಮಾತನ್ನು ಕೇಳಿದ ಮಗು ಐದನೆಯ ವರ್ಷ ಅದನ್ನು ತಾನೇ ನಂಬತೊಡಗುತ್ತದೆ. ಈ ಮಾತು ಬಹುಪಾಲು ಸುಳ್ಳು ಎಂಬುದನ್ನು ನಿಮ್ಮ ಮುಂದೆ ಸಾಧಿಸಿ ತೋರಿಸಬೇಕೆಂಬುದು ನನ್ನ ಉದ್ದೇಶ. ವಿದ್ಯೆ ಹತ್ತದಿರುವುದಕ್ಕೆ ತಲೆಗಿಂತ ಹೆಚ್ಚಾಗಿ ಆ ಮಗುವಿಗೆ ದಕ್ಕದೆ ಹೋದ ದಿನಗಳು, ತಿಳಿಯದೆ ಹೋದ ಭಾಷೆ, ಹಸಿದ ಹೊಟ್ಟೆ, ಕೇಳುವವರಿಲ್ಲದ ಮನೆ ಕಾರಣವಾಗಿರುತ್ತವೆ. ಇವೆಲ್ಲವೂ ನಾವು ದೊಡ್ಡವರು ನೋಡಿಕೊಳ್ಳಬೇಕಾದವು.

ಶುಭಸಂದೇಶಗಳಲ್ಲಿ ಯೇಸುಸ್ವಾಮಿಯ ಬಾಲ್ಯದ ಬಗ್ಗೆ ನಮಗೆ ತಿಳಿಸಿರುವುದು ತೀರ ಸ್ವಲ್ಪ. ಶೈಶವದ ಘಟನೆಗಳು ಮುಗಿದ ಮೇಲೆ ಸಂತ ಲೂಕರು ಒಂದೇ ಒಂದು ಪ್ರಸಂಗವನ್ನು ಹೇಳುತ್ತಾರೆ. ಆಗ ಅವರಿಗೆ ಹನ್ನೆರಡು ವರ್ಷ. ಅಂದರೆ ನಮ್ಮ ಲೆಕ್ಕದಲ್ಲಿ ಏಳನೆಯ ತರಗತಿಯ ವಯಸ್ಸು. ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತ ಬಾಲಕ ಯೇಸು ಅವರ ಮಾತನ್ನು ಕೇಳುತ್ತಿದ್ದರು, ಅವರನ್ನು ಪ್ರಶ್ನಿಸುತ್ತಲೂ ಇದ್ದರು. ಅತ್ತ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಮಗನನ್ನು ಕಾಣದೆ ಕಳವಳಗೊಂಡು ಮೂರು ದಿನ ಹುಡುಕಿದರು. ಪ್ರಶ್ನೆ ಕೇಳುವ ಮಗು, ಮಗು ಎಲ್ಲಿದೆಯೆಂದು ಹುಡುಕುವ ತಂದೆತಾಯಿ, ಪ್ರಶ್ನೆಗೆ ಸಿಟ್ಟಾಗದ ಗುರುಗಳು: ಹನ್ನೆರಡರ ವಯಸ್ಸಿಗೆ ಬೇಕಾದುದೆಲ್ಲವೂ ಆ ಒಂದು ಪ್ರಸಂಗದಲ್ಲಿದೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಈ ವಯಸ್ಸಿಗೇ ಏಕೆ ಇಷ್ಟು ಮಹತ್ವ? ನಾಲ್ಕನೆಯ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ. ಆರನೆಯ ತರಗತಿಯಿಂದ ಓದಿ ಕಲಿಯಬೇಕಾಗುತ್ತದೆ. ಚರಿತ್ರೆ, ಭೂಗೋಳ, ವಿಜ್ಞಾನ ಎಲ್ಲವೂ ಪುಟಗಟ್ಟಲೆ ಗದ್ಯವಾಗಿ ಎದುರು ನಿಲ್ಲುತ್ತವೆ. ಗಣಿತದಲ್ಲಿ ಭಿನ್ನರಾಶಿ, ದಶಮಾಂಶ, ಶೇಕಡಾ, ಬಡ್ಡಿ, ಬೀಜಗಣಿತಗಳು ಒಂದರ ಹೆಗಲ ಮೇಲೊಂದು ಏರಿ ಬರುತ್ತವೆ. ಅಕ್ಷರ ಕೂಡಿಸಿ ಓದುವ ಮಗು ನಾಲ್ಕನೆಯ ತರಗತಿಯಲ್ಲಿ ಹೇಗೋ ಪಾರಾಗುತ್ತದೆ. ಏಳನೆಯ ತರಗತಿಯಲ್ಲಿ ಪಾರಾಗಲಾರದು. ಹಳ್ಳಿಗಳ ಮಕ್ಕಳನ್ನು ಮನೆಯಲ್ಲಿಯೇ ಕಂಡು ಪರೀಕ್ಷಿಸುವ "ಅಸರ್" ಸಮೀಕ್ಷೆಯ 2022ರ ವರದಿಯಂತೆ, ನಮ್ಮ ದೇಶದ ಗ್ರಾಮಾಂತರ ಪ್ರದೇಶದಲ್ಲಿ ಎಂಟನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರು ನೂರಕ್ಕೆ ಸುಮಾರು 70 ಮಂದಿ. ಮೂರು ಅಂಕಿಯ ಸಂಖ್ಯೆಯನ್ನು ಒಂದು ಅಂಕಿಯಿಂದ ಭಾಗಿಸಬಲ್ಲವರು ಸುಮಾರು 45 ಮಂದಿ. ಉಳಿದ 55 ಮಕ್ಕಳಿಗೂ ತಲೆಯಿಲ್ಲವೆಂದು ಹೇಳಲಾದೀತೇ? ದೇವರ ಸೃಷ್ಟಿಯಲ್ಲಿ ಅಂಥ ಲೆಕ್ಕಾಚಾರವಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಕುಕನೂರು, ಕನಕಗಿರಿ, ಕಾರಟಗಿಗಳು ಈಗ ಬೇರೆ ತಾಲ್ಲೂಕುಗಳಾಗಿದ್ದರೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕರ ಲೆಕ್ಕದಲ್ಲಿಯೇ ನಾನು ಮಾತನಾಡುತ್ತೇನೆ. ಈ ನಾಲ್ಕು ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ಬಗೆಯವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯಿಂದ ಗಂಗಾವತಿಯ ಕಡೆ ಭತ್ತದ ಕಣಜವೇ ಆಯಿತು. ಕುಷ್ಟಗಿ, ಯಲಬುರ್ಗಾಗಳ ಬಹುಭಾಗ ಮಳೆಯನ್ನೇ ನಂಬಿದ ಸಜ್ಜೆ, ಜೋಳ, ಶೇಂಗಾದ ಬೆದ್ದಲು ಭೂಮಿಯಾಗಿ ಉಳಿಯಿತು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಿದೆ. ಅವುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು. ಕುಷ್ಟಗಿ, ಯಲಬುರ್ಗಾಗಳೆರಡೂ ಆ ಪಟ್ಟಿಯಲ್ಲಿವೆ.

ಆದರೆ ಒಂದು ವಿಚಿತ್ರವನ್ನು ಗಮನಿಸಿರಿ. ನೀರಿಲ್ಲದಿರುವುದು ಒಂದು ಬಗೆಯಲ್ಲಿ ಮಗುವನ್ನು ಶಾಲೆಯಿಂದ ಹೊರಗೆಳೆದರೆ, ನೀರಿರುವುದು ಇನ್ನೊಂದು ಬಗೆಯಲ್ಲಿ ಎಳೆಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಕುಟುಂಬಗಳು ಸುಗ್ಗಿ ಕೈಕೊಟ್ಟ ವರ್ಷ ಮಂಗಳೂರು, ಉಡುಪಿ, ಗೋವ, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಅಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹನ್ನೆರಡು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ಅಡುಗೆ ನೋಡಿಕೊಳ್ಳುತ್ತಾಳೆ. ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ. ಗಂಗಾವತಿ ಕಡೆಯಲ್ಲಾದರೋ ಕೆಲಸ ಊರ ಬಾಗಿಲಿಗೇ ಬರುತ್ತದೆ. ಭತ್ತದ ಸಸಿ ಹಚ್ಚುವ ಕಾಲಕ್ಕೆ ತಾಯಿ ಹೊಲಕ್ಕೆ ಹೋದರೆ ಮನೆ ಕಾಯಲು ಮಗಳು, ಕೊಯ್ಲಿನ ಕಾಲಕ್ಕೆ ಕಣದಲ್ಲಿ ಮಗ. ಇನ್ನು ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ "ಕ್ರಾಸಿಂಗ್" ಕೆಲಸವಿದೆಯಲ್ಲ, ಅದಕ್ಕೆ ಸಣ್ಣ ಬೆರಳುಗಳೇ ಒಳ್ಳೆಯವೆಂದು ಮಕ್ಕಳನ್ನು ಕರೆದೊಯ್ಯುತ್ತಿದ್ದುದನ್ನು ನೀವೆಲ್ಲರೂ ಬಲ್ಲಿರಿ. 2016ರ ತಿದ್ದುಪಡಿಯ ತರುವಾಯ 14 ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗದಲ್ಲಿಯೂ ಕೂಲಿಗೆ ಇರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಕಾನೂನು ಪುಸ್ತಕದಲ್ಲಿದೆ, ಬೆಳಗ್ಗೆ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿಯಲ್ಲಿ ಯಾರಿದ್ದಾರೆಂಬುದನ್ನು ನೋಡಬೇಕಾದವರು ನಾವು.

ಇದಿಷ್ಟೂ ದೊಡ್ಡ ಗೈರುಹಾಜರಿ. ಕಣ್ಣಿಗೆ ಬೀಳದ ಸಣ್ಣ ಗೈರುಹಾಜರಿ ಇದಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಶಿಕ್ಷಣದ ಹಕ್ಕು ಕಾಯಿದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಿಗೆ ವರ್ಷದಲ್ಲಿ 220 ಕೆಲಸದ ದಿನಗಳಿರಬೇಕು. ವಾರಕ್ಕೆ ಆರು ದಿನದಂತೆ ಇವು ಸುಮಾರು 36 ವಾರಗಳು. ಒಂದು ಮಗು ವಾರಕ್ಕೊಂದು ದಿನ, ಸಂತೆಯೆಂದೋ ದನ ಕಾಯಲೆಂದೋ ನೆಂಟರು ಬಂದರೆಂದೋ, ತಪ್ಪಿಸಿತೆನ್ನಿರಿ. ಒಂದು ವಾರದಲ್ಲಿ ಒಂದು ದಿನ ಏನು ಮಹಾ ಎಂದು ನಮಗೆ ತೋರುತ್ತದೆ. ವರ್ಷಕ್ಕೆ 36 ದಿನವಾಯಿತು. ಆರು, ಏಳು, ಎಂಟು ಮೂರು ತರಗತಿಗಳಿಗೆ 108 ದಿನ. ಅಂದರೆ ಮೂರು ವರ್ಷ ಶಾಲೆಗೆ ಹೋದ ಆ ಮಗು ನಿಜವಾಗಿ ಹೋದದ್ದು ಎರಡೂವರೆ ವರ್ಷ ಮಾತ್ರ. ಇದಕ್ಕೆ ಹಬ್ಬ, ಮದುವೆ, ಜಾತ್ರೆ, ಜ್ವರಗಳನ್ನು ನಾನು ಸೇರಿಸಿಯೇ ಇಲ್ಲ.

ಹೋದ ದಿನಗಳು ಬಿಡಿಬಿಡಿಯಾಗಿ ಹೋಗುವುದರಿಂದ ಅವುಗಳ ಹಾನಿ ತಿಳಿಯುವುದಿಲ್ಲ. ಭಿನ್ನರಾಶಿಗಳ ಛೇದವನ್ನು ಸಮ ಮಾಡುವ ಕ್ರಮವನ್ನು ಮೇಷ್ಟ್ರು ಒಂದು ಮಂಗಳವಾರ ಹೇಳಿಕೊಟ್ಟರು. ಆ ದಿನ ಹುಡುಗ ಶೇಂಗಾ ಬಿಡಿಸಲು ಹೋಗಿದ್ದ. ಬುಧವಾರ ಬಂದು ಕುಳಿತರೆ ಫಲಕದ ಮೇಲಿನ ಲೆಕ್ಕ ಅವನಿಗೆ ಮಂತ್ರದಂತೆ ಕಾಣುತ್ತದೆ. ಕೇಳಲು ನಾಚಿಕೆ. ಎರಡು ತಿಂಗಳ ಮೇಲೆ ಶೇಕಡಾವಾರು ಲೆಕ್ಕ ಬಂದಿತು. ಭಿನ್ನರಾಶಿ ತಿಳಿಯದವನಿಗೆ ಅದೂ ತಿಳಿಯದು. ಮರುವರ್ಷ ಬಡ್ಡಿ ಲೆಕ್ಕ, ಅದೂ ತಿಳಿಯದು. ಪರೀಕ್ಷೆಯಲ್ಲಿ ಹನ್ನೊಂದು ಅಂಕ ಬಂದಾಗ ನಾವು ಹೇಳುವುದು, ತಲೆಗೆ ಹತ್ತುವುದಿಲ್ಲವೆಂದು! ಅದೇ ಹುಡುಗ ಸಂತೆಯಲ್ಲಿ ಅಪ್ಪನ ಪಕ್ಕ ಕುಳಿತು ಕಾಯಿಪಲ್ಲೆ ಮಾರುವಾಗ ಪಾವು ಕಿಲೋ, ಅರ್ಧ ಕಿಲೋಗಳ ಬೆಲೆಯನ್ನು ಬಾಯಲ್ಲೇ ಹೇಳಿ ಚಿಲ್ಲರೆ ಹಿಂದಿರುಗಿಸುತ್ತಾನೆ. ಪಾವು ಎಂಬುದು ಭಿನ್ನರಾಶಿಯಲ್ಲವೇ?

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ತಿಂಗಳಿನಿಂದ ಶಾಲೆಗಳು ಮುಚ್ಚಿದಾಗ, ದಿನಗಳು ಹೋದರೆ ವಿದ್ಯೆ ಹೇಗೆ ಹೋಗುತ್ತದೆಂಬುದನ್ನು ಇಡೀ ಜಗತ್ತು ಒಮ್ಮೆಲೇ ಕಂಡಿತು. ಬಡವರ ಮಕ್ಕಳು ಅದನ್ನು ಪ್ರತಿ ವರ್ಷವೂ ಕಾಣುತ್ತಿದ್ದಾರೆ.

ಇನ್ನು ಭಾಷೆಯ ವಿಚಾರ. ನಮ್ಮ ಸೀಮೆಯ ಹಿರಿಯರು ಈ ಕಷ್ಟವನ್ನು ಬೇರೊಂದು ರೂಪದಲ್ಲಿ ಉಂಡವರು. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಆಡಳಿತದ ಹೈದರಾಬಾದು ಸಂಸ್ಥಾನ; ಸರ್ಕಾರದ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಒಂದು ಭಾರತೀಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟಿತೆಂಬುದು ಹೆಮ್ಮೆಯ ಸಂಗತಿಯೇ. ಆದರೆ ಮನೆಯಲ್ಲಿ ಕನ್ನಡವಾಡುವ ಯಲಬುರ್ಗಾದ ಬಾಲಕನಿಗೆ ಆ ಭಾಷೆಯೂ ಪರಭಾಷೆಯೇ ಆಗಿತ್ತು. ಅಂಥ ಕಾಲದಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲದಂಥ ಸಂಸ್ಥೆಗಳು ಈ ಭಾಗದಲ್ಲಿ ಹಚ್ಚಿದ ದೀಪವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿನಲ್ಲಿ ಒಂದಾದೆವು. ಈಗ ಎಪ್ಪತ್ತು ವರ್ಷಗಳ ತರುವಾಯ, ಪರಭಾಷೆಯಲ್ಲಿ ಪಾಠ ಕೇಳುವ ಸ್ಥಿತಿಯನ್ನು ನಾವೇ ಶುಲ್ಕ ಕೊಟ್ಟು ತಂದುಕೊಳ್ಳುತ್ತಿದ್ದೇವೆ.

ತಪ್ಪು ತಿಳಿಯಬೇಡಿರಿ. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಧರ್ಮಸಭೆಯ ಸಂಸ್ಥೆಗಳೇ ಇಂಗ್ಲಿಷ್ ಶಾಲೆಗಳನ್ನು ನಡೆಸುತ್ತಿರುವಾಗ ಹಾಗೆ ಹೇಳುವ ಬಾಯಿ ನನಗಿಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ಮಗು ಮಾಡುವುದು ಕಂಠಪಾಠ. ಸಂತ ಜಾನ್ ಬ್ಯಾಪ್ಟಿಸ್ಟ್ ದೆಲಸಾಲ್‌ರನ್ನು 1950ರಲ್ಲಿ ಜಗದ್ಗುರು 12ನೆಯ ಪಿಯೂಸರು ಶಿಕ್ಷಕರ ಪಾಲಕಸಂತರೆಂದು ಸಾರಿದರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ ಆ ಮಹನೀಯರು ಮಾಡಿದ ದೊಡ್ಡ ಬದಲಾವಣೆ ಯಾವುದು? ಅಂದು ಎಲ್ಲ ಕಡೆ ಮಕ್ಕಳು ಮೊದಲು ಲ್ಯಾಟಿನ್ ಓದಲು ಕಲಿಯಬೇಕಾಗಿತ್ತು. ಇವರು ಮಕ್ಕಳ ಮಾತಾದ ಫ್ರೆಂಚಿನಲ್ಲಿಯೇ ಓದು ಆರಂಭಿಸಿದರು. ಲ್ಯಾಟಿನ್ ದೇವರ ಪೂಜೆಯ ಭಾಷೆಯಾಗಿದ್ದ ಕಾಲದಲ್ಲಿ ಒಬ್ಬ ಗುರು ಈ ಮಾತನ್ನಾಡುವುದು ಸಾಮಾನ್ಯ ಧೈರ್ಯವಲ್ಲ. ಅಂತೆಯೇ ನಮ್ಮ ಅನುಭವವನ್ನೂ ಹೇಳಬಹುದು: ಕನ್ನಡ ಶಾಲೆಯಿಂದ ಸೆಮಿನರಿಗೆ ಬಂದು ತತ್ತ್ವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕೇಳಬೇಕಾದಾಗ, ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳುವ ರೂಢಿಯಿದ್ದವರೆಲ್ಲ ಒಂದು ವರ್ಷದಲ್ಲಿ ದಾರಿಗೆ ಬಂದರು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಗಂಗಾವತಿಯ ಸುತ್ತಲಿನ ಕ್ಯಾಂಪುಗಳ ಮಗು ತೆಲುಗು ಆಡುತ್ತದೆ. ಇನ್ನು ಕೆಲವರ ಮನೆಮಾತು ಉರ್ದು. ಅವರಿಗೆ ಪುಸ್ತಕದ ಕನ್ನಡವೂ ಹೊಸತೇ. ಅಂಥ ಮಗುವನ್ನು "ಮಾತು ಬಾರದವನು" ಎಂದು ಹಿಂದಿನ ಬೆಂಚಿಗೆ ಕಳುಹಿಸಬಾರದು. ಎರಡು ಭಾಷೆ ಬಲ್ಲ ಮಗು ಅದು. ನಿಮ್ಮ ಮಕ್ಕಳು ಯಾವ ಮಾಧ್ಯಮದಲ್ಲಿಯೇ ಇರಲಿ, ಒಂದು ಪರೀಕ್ಷೆಯನ್ನು ನೀವೇ ಮಾಡಿರಿ. ಪಾಠದ ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಅದರಲ್ಲಿ ಏನಿದೆಯೆಂದು ಮನೆಮಾತಿನಲ್ಲಿ ಕೇಳಿರಿ. ಹೇಳಿದರೆ ಮಗು ಓದುತ್ತಿದೆ. ಹೇಳದಿದ್ದರೆ, ಅಂಕ ಎಷ್ಟೇ ಬಂದಿರಲಿ, ಅದು ಬರಿಯ ಉಚ್ಚಾರಣೆ.

ಆಹಾರ, ಆರೋಗ್ಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2002ರಲ್ಲಿ ಸರ್ಕಾರವು ಶಾಲೆಯಲ್ಲಿ ಬಿಸಿಯೂಟದ ಯೋಜನೆಯನ್ನು ಮೊದಲು ಆರಂಭಿಸಿದುದು ಕೊಪ್ಪಳವೂ ಸೇರಿದಂತೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅದಕ್ಕೆ "ಅಕ್ಷರ ದಾಸೋಹ" ಎಂದು ಶರಣರ ಮಾತನ್ನೇ ಹೆಸರಾಗಿಸಿದರು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡುವ ಕಾರ್ಯ ಮೊದಲಾದಾಗಲೂ ಕೊಪ್ಪಳ ಮೊದಲ ಜಿಲ್ಲೆಗಳಲ್ಲೊಂದಾಗಿತ್ತು. ಮೊದಲ ಸ್ಥಾನ ನಮಗೆ ದೊರೆತದ್ದು ನಮ್ಮ ಮಕ್ಕಳ ರಕ್ತಹೀನತೆ, ಅಪೌಷ್ಟಿಕತೆಗಳ ಕಾರಣದಿಂದ ಎಂಬುದನ್ನು ಮರೆಯಬಾರದು. ಮಧ್ಯಾಹ್ನದ ಊಟ ಶಾಲೆಯಲ್ಲಿ ಸಿಗುತ್ತದೆಂದು ಬೆಳಗಿನ ಊಟ ತಪ್ಪಿಸುವ ಮನೆಗಳಿವೆ. ಖಾಲಿ ಹೊಟ್ಟೆಯ ಮಗುವಿಗೆ ಹನ್ನೊಂದು ಗಂಟೆಯ ಗಣಿತ ತಲೆಗೆ ಏರುವುದಿಲ್ಲ. ಕುಷ್ಟಗಿ, ಯಲಬುರ್ಗಾಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಹಲ್ಲಿಗೂ ಮೂಳೆಗೂ ಕೇಡು. ಶುದ್ಧೀಕರಿಸಿದ ನೀರನ್ನೇ ಮಕ್ಕಳಿಗೆ ಕುಡಿಸಿರಿ.

ಕಣ್ಣಿನ ವಿಚಾರ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ದೂರದೃಷ್ಟಿ ಮಂದವಾಗುವುದು ಬಹುಮಟ್ಟಿಗೆ ಈ ವಯಸ್ಸಿನಲ್ಲಿಯೇ. ಚೀನಾದ ಗಾನ್ಸು ಪ್ರಾಂತದ ಹಳ್ಳಿ ಶಾಲೆಗಳಲ್ಲಿ 2004ರಲ್ಲಿ ದೃಷ್ಟಿದೋಷವಿದ್ದ ಮಕ್ಕಳಿಗೆ ಉಚಿತವಾಗಿ ಕನ್ನಡಕ ಕೊಟ್ಟು ನೋಡಿದರು. ಕನ್ನಡಕ ಧರಿಸಿದ ಮಕ್ಕಳ ಕಲಿಕೆ ಗಮನಾರ್ಹವಾಗಿ ಸುಧಾರಿಸಿತು. ಆದರೆ ಹತ್ತರಲ್ಲಿ ಸುಮಾರು ಮೂರು ಮಕ್ಕಳಿಗೆ ಉಚಿತ ಕನ್ನಡಕವೂ ಬೇಡವಾಯಿತು! ನಮ್ಮಲ್ಲಿಯೂ ಹೆಣ್ಣುಮಗುವಿಗೆ ಕನ್ನಡಕ ಹಾಕಿಸಿದರೆ ಗಂಡು ಸಿಗುವುದಿಲ್ಲವೆಂದು ತಡೆಯುವ ತಾಯಂದಿರುಂಟು. ಮಸುಕು ಫಲಕವನ್ನು ನೋಡುತ್ತ ಕುಳಿತ ಮಗಳಿಗೂ ಕೊನೆಗೆ ಸಿಗುವ ಬಿರುದು, ತಲೆಗೆ ಹತ್ತದವಳು ಎಂಬುದೇ.

ಈಗ ಮನೆಯ ಮಾತು. 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ ಎಂಬ ವಿದ್ವಾಂಸರು ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಕುರಿತ ಬೃಹತ್ ವರದಿಯನ್ನು ಹೊರತಂದರು. ಶಾಲೆಯ ಕಟ್ಟಡ, ಖರ್ಚುಗಳಿಗಿಂತ ಮನೆಯ ಸ್ಥಿತಿಯೂ ಸಹಪಾಠಿಗಳ ಸಂಗವೂ ಮಕ್ಕಳ ಪ್ರಗತಿಗೆ ಹೆಚ್ಚು ಕಾರಣವೆಂಬುದು ಅದರ ಸಾರ. ಇದನ್ನು ಓದಿದವರು ಹಲವರು, ಹಾಗಾದರೆ ಬಡವರ ಮನೆಯ ಮಗುವಿಗೆ ಶಾಲೆಯಿಂದ ಉಪಯೋಗವೇ ಇಲ್ಲವೇ ಎಂದು ನಿರಾಶರಾದರು. 1979ರಲ್ಲಿ ಮೈಕೇಲ್ ರಟ್ಟರ್ ಮತ್ತು ಅವರ ಸಂಗಡಿಗರು ಲಂಡನ್ನಿನ 12 ಶಾಲೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ಇದಕ್ಕೆ ಉತ್ತರ ಕೊಟ್ಟರು. ಒಂದೇ ಬಗೆಯ ಮನೆಗಳಿಂದ ಬಂದ ಮಕ್ಕಳೂ ಕೆಲವು ಶಾಲೆಗಳಲ್ಲಿ ಹೆಚ್ಚು ಮುಂದುವರಿದರು. ಅಲ್ಲಿ ಮನೆಗೆಲಸ ಕೊಟ್ಟು ತಿದ್ದುತ್ತಿದ್ದರು, ಮಕ್ಕಳನ್ನು ಮೆಚ್ಚಿ ನುಡಿಯುತ್ತಿದ್ದರು, ಪಾಠವು ಹೊತ್ತಿಗೆ ಸರಿಯಾಗಿ ಆರಂಭವಾಗುತ್ತಿತ್ತು. ಇವಕ್ಕೆ ಹಣ ಬೇಕಾಗಿಲ್ಲವೆಂಬುದನ್ನು ಗಮನಿಸಿರಿ.

ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲಿ ಸ್ಪಷ್ಟವಾಗಿ ಸಾರಿದೆ. "ನಮಗೇ ಅಕ್ಷರ ಬಾರದು, ನಾವೇನು ಕಲಿಸೋಣ ಫಾದರ್" ಎಂದು ತಾಯಂದಿರು ಕೇಳುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಚಕ್ರವರ್ತಿಯು ಎರಡು ಸಾವಿರ ವರ್ಷಗಳಿಗೂ ಹಿಂದೆ ಅಕ್ಷರ ಕೊರೆಯಿಸಿದ ನಾಡು ಇದು. ಆದರೂ 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇಕಡಾ 68.09 ಮಾತ್ರ. ಗಂಡಸರಲ್ಲಿ 78.54, ಹೆಂಗಸರಲ್ಲಿ 57.55. ಆದರೆ ತಾಯಂದಿರೇ, ಅಕ್ಷರ ಬಾರದ ತಾಯಿಯೂ ಪ್ರತಿ ಸಂಜೆ ಮೂರು ಪ್ರಶ್ನೆ ಕೇಳಬಹುದು: ಇಂದು ಶಾಲೆಯಲ್ಲಿ ಏನು ಹೇಳಿದರು? ನೀನು ಏನು ಕೇಳಿದೆ? ಯಾವುದು ತಿಳಿಯಲಿಲ್ಲ? ಉತ್ತರ ಸರಿಯೋ ತಪ್ಪೋ ನಿಮಗೆ ತಿಳಿಯಬೇಕಾಗಿಲ್ಲ. ಯಾರೋ ಕೇಳುತ್ತಾರೆಂಬುದು ಮಗುವಿಗೆ ತಿಳಿದರೆ ಸಾಕು. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಇದನ್ನು ಕೇಳಬಹುದು. ತಂದೆಯವರು ಮಾಡಬೇಕಾದುದು ಇನ್ನೂ ಸುಲಭ: ಮಗು ಓದುವ ಒಂದು ಗಂಟೆ ಟಿ. ವಿ., ಮೊಬೈಲುಗಳನ್ನು ಆರಿಸಿ ಮನೆಯಲ್ಲಿಯೇ ಇರುವುದು.

ಹೆಣ್ಣುಮಕ್ಕಳ ವಿಚಾರದಲ್ಲಿ ನಾನು ಮೆತ್ತಗೆ ಮಾತನಾಡಲಾರೆ. ಏಳನೆಯ ತರಗತಿಯವರೆಗೆ ತರಗತಿಗೇ ಮೊದಲಿಗಳಾಗಿದ್ದ ಹುಡುಗಿ ಮೈನೆರೆದ ಮೇಲೆ, ಹೈಸ್ಕೂಲು ದೂರವೆಂದೋ ಜನ ಆಡಿಕೊಳ್ಳುತ್ತಾರೆಂದೋ ಮನೆಯಲ್ಲಿ ಉಳಿಯುತ್ತಾಳೆ. ವರ್ಷವೆರಡರಲ್ಲಿ ಮದುವೆಯ ಮಾತು. ಹೀಗೆ ಬಿಟ್ಟುಹೋಗುವ ಹುಡುಗಿಯರಿಗಾಗಿಯೇ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಸತಿ ಶಾಲೆಗಳು ಆರಂಭವಾಗಿವೆ. ಅಲ್ಲಿ ಆರನೆಯ ತರಗತಿಯಿಂದ ಊಟ, ವಸತಿ, ವಿದ್ಯೆ ಎಲ್ಲವೂ ಉಚಿತ. ವಿಚಾರಿಸಿ ಸೇರಿಸಿರಿ, ಅರ್ಜಿ ಬರೆಯಲು ಬಾರದವರಿಗೆ ನಮ್ಮ ಧರ್ಮಭಗಿನಿಯರು ಬರೆದುಕೊಡುತ್ತಾರೆ. ಹದಿನೆಂಟು ತುಂಬದ ಹುಡುಗಿಯ ಹೆಸರನ್ನಾಗಲಿ ಇಪ್ಪತ್ತೊಂದು ತುಂಬದ ಹುಡುಗನ ಹೆಸರನ್ನಾಗಲಿ ಈ ದೇವಾಲಯದ ವಿವಾಹ ರಿಜಿಸ್ಟರಿನಲ್ಲಿ ನಾನು ಬರೆಯಲಾರೆ. ಯಾರ ಶಿಫಾರಸೂ ಬೇಡ. ಇದನ್ನು ಇಂದೇ ತಿಳಿಸಿಬಿಟ್ಟರೆ ನಾಳೆ ಮನಸ್ತಾಪವಿರುವುದಿಲ್ಲ.

ಶಿಕ್ಷಕ ಬಂಧುಗಳಿಗೆ ಒಂದೇ ಮಾತು. ಹುದ್ದೆಗಳು ಖಾಲಿಯಿರುವುದೂ ಒಬ್ಬರೇ ಮೂರು ವಿಷಯ ಕಲಿಸಬೇಕಾಗಿರುವುದೂ ಅತಿಥಿ ಶಿಕ್ಷಕರ ಸಂಬಳ ತಡವಾಗುವುದೂ ನನಗೆ ತಿಳಿಯದ ಸಂಗತಿಗಳಲ್ಲ. ಆದರೂ ಕೇಳುತ್ತೇನೆ: ನಿಮ್ಮ ತರಗತಿಯಲ್ಲಿ "ತಿಳಿಯಲಿಲ್ಲ ಸರ್" ಎಂದು ಹೇಳಲು ಮಗುವಿಗೆ ಧೈರ್ಯವಿದೆಯೇ? ಟ್ಯೂರಿನ್ ನಗರದ ಬೀದಿ ಹುಡುಗರನ್ನು ಕೂಡಿಸಿಕೊಂಡು ಕಲಿಸಿದ ಸಂತ ಜಾನ್ ಬೋಸ್ಕೋರವರು ವಿವೇಚನೆ, ಧರ್ಮಶ್ರದ್ಧೆ, ವಾತ್ಸಲ್ಯಗಳನ್ನು ತಮ್ಮ ಪದ್ಧತಿಯ ಆಧಾರವಾಗಿಸಿದರು. ಬೆತ್ತಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ಶತಮಾನೋತ್ಸವದ ನೆನಪಿಗಾಗಿ ಹೆಬ್ಬಾಗಿಲಿನಲ್ಲಿ ಒಂದು ಕಮಾನು ಕಟ್ಟಿಸಬೇಕೆಂಬ ಸಲಹೆ ಸಮಿತಿಯ ಮುಂದಿದೆ. ಕಮಾನಿಗೆ ನನ್ನ ವಿರೋಧವಿಲ್ಲ. ಆದರೆ ನಮ್ಮ ಧರ್ಮೋಪದೇಶದ ಸಭಾಂಗಣವು ಭಾನುವಾರ ಒಂದು ಗಂಟೆ ತೆರೆದು ಉಳಿದ ಆರು ದಿನ ಬೀಗ ಹಾಕಿಕೊಂಡಿರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಏಳು ಜನರ ನಡುವೆ ಓದಬೇಕಾದ ಮಗುವಿಗೆ ಬೇಕಾದುದು ಒಂದು ಮೂಲೆ, ಒಂದು ದೀಪ, ತಿಳಿಯದ್ದನ್ನು ಕೇಳಲು ಒಬ್ಬರು. ಕೊಪ್ಪಳದ ಗವಿಮಠವು ಸಾವಿರಾರು ಬಡ ವಿದ್ಯಾರ್ಥಿಗಳಿಗೆ ಅನ್ನ, ವಸತಿಗಳನ್ನು ಕೊಟ್ಟು ಓದಿಸುತ್ತಿರುವುದನ್ನು ನಾವೆಲ್ಲ ಕಣ್ಣಾರೆ ಕಾಣುತ್ತಿದ್ದೇವೆ. ಅಷ್ಟು ನಮ್ಮಿಂದಾಗದು. ಒಂದು ಸಭಾಂಗಣವನ್ನು ಸಂಜೆ ತೆರೆದಿಡುವುದು ಆದೀತು.

ಬರುವ ಸೋಮವಾರದಿಂದ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ಅದು ತೆರೆದಿರುತ್ತದೆ. ಆರು, ಏಳು, ಎಂಟನೆಯ ತರಗತಿಯ ಯಾವ ಮಗುವಾದರೂ, ಯಾವ ಜಾತಿ ಮತದ ಮಗುವಾದರೂ ಬರಬಹುದು. ನಿವೃತ್ತ ಶಿಕ್ಷಕರಿಬ್ಬರು ವಾರಕ್ಕೆ ಎರಡೆರಡು ಸಂಜೆ ಬರಲು ಒಪ್ಪಿದ್ದಾರೆ; ಬುಧವಾರ ಧರ್ಮಭಗಿನಿಯರು, ಶನಿವಾರ ನಾನು. ಕಾಲೇಜಿನಲ್ಲಿ ಓದುತ್ತಿರುವ ಯುವಕ ಯುವತಿಯರು ಹೆಸರು ಕೊಟ್ಟರೆ ಭಿನ್ನರಾಶಿಯಿಂದ ಹಿಡಿದು ಮತ್ತೆ ಕಲಿಸಬಹುದು. ಕರೆಂಟು ಹೋಗುವುದುಂಟಾದ್ದರಿಂದ ಒಂದು ಇನ್ವರ್ಟರ್ ಬೇಕು. ಅದರ ಹಣವನ್ನು ಕಮಾನಿನ ಲೆಕ್ಕದಿಂದ ತೆಗೆಯಲು ಸಮಿತಿಯವರು ಒಪ್ಪುವರೆಂದು ನಂಬಿದ್ದೇನೆ.

ಇನ್ನು ದೀಪಾವಳಿಯ ತರುವಾಯ ಗುಳೆ ಹೋಗುವ ಕುಟುಂಬಗಳವರು ಹೊರಡುವ ಮೊದಲು ನನ್ನನ್ನು ಕಾಣಿರಿ. ಮಗುವನ್ನು ಊರಿನಲ್ಲಿ ಬಿಟ್ಟು ಹೋಗಲು ಅಜ್ಜಿಯೋ ಅತ್ತೆಯೋ ಇಲ್ಲವೆಂದಾದರೆ, ಆ ನಾಲ್ಕು ತಿಂಗಳ ಮಟ್ಟಿಗೆ ತಮ್ಮ ಮನೆಯಲ್ಲಿ ಒಂದು ಮಗುವಿಗೆ ಊಟ, ಹಾಸಿಗೆ ಕೊಡಲು ಮೂರು ಮನೆಯವರು ಈಗಾಗಲೇ ಮುಂದೆ ಬಂದಿದ್ದಾರೆ. ನಮಗೆ ಕನಿಷ್ಠ ಹತ್ತು ಮನೆಗಳು ಬೇಕು. ನಾಳೆಯ ಕೃತಜ್ಞತಾ ಪೂಜೆಯ ತರುವಾಯ ಸಂಕೀರ್ತಿಯ ಬಾಗಿಲ ಬಳಿ ಒಂದು ನೋಟುಪುಸ್ತಕ ಇಟ್ಟಿರುತ್ತೇನೆ. ಎಡಬದಿಯ ಪುಟದಲ್ಲಿ ಗುಳೆ ಹೋಗುವವರು ಮಕ್ಕಳ ಹೆಸರು, ತರಗತಿ ಬರೆಯಿಸಿರಿ. ಬಲಬದಿಯ ಪುಟದಲ್ಲಿ ಇರಿಸಿಕೊಳ್ಳುವವರು ತಮ್ಮ ಮನೆಯ ಹೆಸರು ಬರೆಯಿಸಿರಿ.